ನಮ್ಮೂರಿನ ಗ್ರಾಮ ಪಂಚಿದೆ

ಒಂದು ಕೆಲಸ ಏನೆಂದೇ ತಿಳಿಯದಿರುವಾಗ ಅದನ್ನು ಮಾಡುವ ಧೈರ್ಯ ಮನುಷ್ಯನಲ್ಲಿ ತುಂಬಿ ತುಳುಕುತ್ತಿರುತ್ತದೆ. ತಿಳಿಯುತ್ತ ಹೋದ ಹಾಗೆ ಅದು ಇಳಿಯುತ್ತದೆ. ಪೂರ್ತಿ ತಿಳಿದ ಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ, ಏಕೆಂದರೆ ಯಾವ ಕೆಲಸದಲ್ಲೂ ನಾನು ಇನ್ನೂ ಅಷ್ಟು ದೂರ ಹೋಗಿಲ್ಲ. ಈ ಮಾತನ್ನು ನಾನು ಅಂದಾಜಿನ ಮೇಲೆ ಹೇಳುತ್ತಿಲ್ಲ, ಲೆಕ್ಕ ಇಟ್ಟು ಹೇಳುತ್ತಿದ್ದೇನೆ. ನನಗೆ ಎಣಿಸುವ ಚಟವಿದೆ. ಉಳಿದ ಹುಡುಗಿಯರ ಡೈರಿಯಲ್ಲಿ ಹೂವಿನ ಎಸಳು, ಬಣ್ಣದ ಪೆನ್ನಿನ ಶಾಯರಿ ಇರುತ್ತವೆ. ನನ್ನದರಲ್ಲಿ ಮೇಲೆ ತಾರೀಖು, ಕೆಳಗೆ ಗೀಟುಗಳು. ಬಸ್ಸಿಗೆ ಅಡ್ಡ ಬಂದ ಕಬ್ಬಿನ ಟ್ರ್ಯಾಕ್ಟರುಗಳಿಗೆ ಗೀಟು, ಪಾಠದ ನಡುವೆ ಸರ್ ‘ಅಂದರೆ ಏನು’ ಎಂದು ತಮ್ಮನ್ನೇ ಕೇಳಿಕೊಂಡದ್ದಕ್ಕೆ ಗೀಟು. ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆದಾಗ ನನಗೆ ಆಗುವ ಸಮಾಧಾನ ಬೇರೆಯವರಿಗೆ ಬಿಸಿ ರೊಟ್ಟಿ ತಿಂದಾಗ ಆಗುತ್ತದಂತೆ. ಸಂಶೋಧನೆ ಎಂದರೆ ಎಣಿಸುವುದು ಎಂದು ಯಾರೋ ಹೇಳಿದ್ದನ್ನು ನಂಬಿ, ಆ ಕೆಲಸಕ್ಕೆ ನನ್ನಷ್ಟು ಲಾಯಕ್ಕಾದವಳು ನಮ್ಮ ಸುತ್ತಲಿನ ಐದು ತಾಲೂಕುಗಳಲ್ಲಿ ಇನ್ನೊಬ್ಬಳಿಲ್ಲ ಎಂದುಕೊಂಡಿದ್ದೆ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ನಾನು ಚಿಕ್ಕೋಡಿಯ ಒಂದು ಬಿ.ಎಡ್. ಕಾಲೇಜಿನಲ್ಲಿ ಎರಡನೇ ವರ್ಷದ ಪ್ರಶಿಕ್ಷಣಾರ್ಥಿ. ಊರು ಕರೋಶಿ. ಕಾಲೇಜಿನ ಹೆಸರು ಹೇಳುವುದಿಲ್ಲ. ಅಂಕಪಟ್ಟಿ ಇನ್ನೂ ಕೈಗೆ ಬಂದಿಲ್ಲ. ಈ ವರ್ಷ ನಾವೆಲ್ಲ ಒಂದು ಕ್ರಿಯಾ ಸಂಶೋಧನೆ ಮಾಡಬೇಕು. ಅಂದರೆ ಏನು ಎಂದು ನಮ್ಮ ಸರ್ ಹಾಗೆ ನಾನೂ ಒಮ್ಮೆ ಕೇಳಿಕೊಳ್ಳುತ್ತೇನೆ. ಶಿಕ್ಷಕರು ತಮ್ಮ ತರಗತಿಯಲ್ಲೇ ಒಂದು ಸಣ್ಣ ತೊಂದರೆ ಹುಡುಕಬೇಕು. ಮೊದಲು ಒಂದು ಪರೀಕ್ಷೆ ಇಟ್ಟು ತೊಂದರೆ ಎಷ್ಟಿದೆ ಎಂದು ಅಳೆಯಬೇಕು, ಆಮೇಲೆ ಏನಾದರೂ ಉಪಾಯ ಮಾಡಬೇಕು, ಕೊನೆಗೆ ಇನ್ನೊಂದು ಪರೀಕ್ಷೆ ಇಟ್ಟು ತೊಂದರೆ ಕಡಿಮೆಯಾಗಿದೆ ಎಂದು ತೋರಿಸಬೇಕು. ತೊಂದರೆ ಕಡಿಮೆಯಾಗದ ಕ್ರಿಯಾ ಸಂಶೋಧನೆ ನಮ್ಮ ಕಾಲೇಜಿನ ಕಪಾಟಿನಲ್ಲಿ ಒಂದೂ ಇಲ್ಲ. ನಾನು ತೆಗೆದು ನೋಡಿದ್ದೇನೆ. ಇಷ್ಟು ವರ್ಷಗಳಿಂದ ಇಷ್ಟೊಂದು ತೊಂದರೆಗಳು ಪರಿಹಾರವಾಗುತ್ತ ಬಂದರೂ ಇಲ್ಲಿನ ಮಕ್ಕಳು ಏಳರ ಮಗ್ಗಿಯಲ್ಲಿ ಇನ್ನೂ ಹೇಗೆ ತಪ್ಪುತ್ತಾರೆ ಎಂಬುದೇ ಬೇರೆ ಒಂದು ಸಂಶೋಧನೆಗೆ ವಿಷಯವಾಗಬಹುದು. ಈ ವರದಿಯ ಮೇಲೆ ಮಾರ್ಗದರ್ಶಕರ ಸಹಿ ಬೀಳಬೇಕು, ಹೊರಗಿನಿಂದ ಬರುವ ಪರೀಕ್ಷಕರ ಎದುರು ಮೌಖಿಕ ಪರೀಕ್ಷೆ ದಾಟಬೇಕು. ಸಹಿ ಇಲ್ಲದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ನೀರಿಗೆ ಹೋದ ಹಾಗೆ.

ನನ್ನ ಮಾರ್ಗದರ್ಶಕರು ಮಗದುಮ್ ಸರ್. ಒಳ್ಳೆಯವರು. ಅವರಿಗೂ ಒಂದು ಸಂಶೋಧನೆ ಗಂಟುಬಿದ್ದಿತ್ತು. ಅವರ ಪಿಎಚ್.ಡಿ.ಯ ವಿಷಯ ‘ತರಗತಿ ಸಂಶೋಧನೆ ಕೈಗೊಳ್ಳುವಲ್ಲಿ ಪ್ರಶಿಕ್ಷಣಾರ್ಥಿಗಳ ಆತ್ಮವಿಶ್ವಾಸ’. ಅಂದರೆ ನಾವು ಮಕ್ಕಳನ್ನು ಅಳೆಯುವುದು, ನಾವು ಅಳೆಯುವುದನ್ನು ಸರ್ ಅಳೆಯುವುದು. ಸರ್ ಅಳೆಯುವುದನ್ನು ಧಾರವಾಡದಲ್ಲಿ ಇನ್ಯಾರೋ ಅಳೆಯುತ್ತಿದ್ದರು, ಅದಕ್ಕೇ ಸರ್ ರಜೆಯಲ್ಲಿ ಅಲ್ಲಿಗೆ ಹೋಗಿ ಸೋಮವಾರ ತಿರುಗಿ ಬಂದಾಗಲೆಲ್ಲ ಮಂಕಾಗಿರುತ್ತಿದ್ದರು. ವರ್ಷದ ಮೊದಲ ವಾರವೇ ಅವರು ನಮಗೆಲ್ಲ ಒಂದು ಹಾಳೆ ಹಂಚಿದರು. ಅದರ ಹೆಸರು ಆತ್ಮವಿಶ್ವಾಸ ಮಾಪನಿ. ‘ನಾನು ತರಗತಿಯ ಸಮಸ್ಯೆಯನ್ನು ಗುರುತಿಸಬಲ್ಲೆ’, ‘ನಾನು ಪ್ರಾಕಲ್ಪನೆಯನ್ನು ರಚಿಸಬಲ್ಲೆ’ ಎಂಬಂಥ ವಾಕ್ಯಗಳು ಉದ್ದಕ್ಕೆ ಸಾಲಾಗಿದ್ದವು. ಪ್ರತಿಯೊಂದರ ಎದುರು ಐದು ಮನೆ. ಒಂದು ಎಂದರೆ ಸ್ವಲ್ಪವೂ ಧೈರ್ಯವಿಲ್ಲ, ಐದು ಎಂದರೆ ಪೂರ್ತಿ ಇದೆ. ಪ್ರಾಕಲ್ಪನೆ ಎಂದರೆ ಏನೆಂದು ಆಗ ನಮಗಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರೂ ಸಂತೋಷದಿಂದ ಐದಕ್ಕೆ ಗುರುತು ಹಾಕಿದೆವು.

ಮರುದಿನ ಸರ್ ಹಾಳೆಗಳ ಕಟ್ಟು ಹಿಡಿದುಕೊಂಡು ಬಂದರು. ಮುಖ ಬಾಡಿತ್ತು.

“ಇಷ್ಟ ಆತ್ಮವಿಶ್ವಾಸ ಎಲ್ಲಿಂದ ಬಂತ್ರಿ ನಿಮಗ? ನಾ ಇನ್ನೂ ಒಂದ ಪಾಠನೂ ಮಾಡಿಲ್ಲ” ಎಂದರು. “ಈಗ ಐದಕ್ಕ ಐದ ಹಾಕೀರಿ. ನಾ ವರ್ಷಗಟ್ಟಲೆ ಕಲಿಸಿದ ಮ್ಯಾಲ ಏನ ಹಾಕ್ತೀರಿ, ಆರ?”

ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ ಸವಿತಾ ಎದ್ದು ನಿಂತು, “ಆರರ ಮನಿ ಇಲ್ರಿ ಸರ್” ಎಂದಳು.

“ಅದನ್ನ ಹೇಳಾಕತ್ತೀನ್ರಿ ನಾ. ಮುಂದ ಏರೂದು ಎಲ್ಲಿಂದ? ನಿಮಗ ಏನೂ ಬರೂದಿಲ್ಲ, ಅದನ್ನ ನೆನಪ ಇಟಗೊಂಡು ಇನ್ನೊಮ್ಮೆ ತುಂಬ್ರಿ. ಸ್ವಲ್ಪ ಅಂಜ್ರಿ.”

ಹೊಸ ಹಾಳೆ ಬಂತು. ನಾವು ಅಂಜಿದೆವು. ನಾನು ಬಹುತೇಕ ಎಲ್ಲದಕ್ಕೂ ಎರಡು ಹಾಕಿದೆ, ಸವಿತಾ ಸರ್ ಮನಸ್ಸಿಗೆ ತಂಪಾಗಲೆಂದು ಒಂದೇ ಹಾಕಿದಳು. ಸರ್ ಮುಖ ಅರಳಿತು. ನಮಗೆ ಆತ್ಮವಿಶ್ವಾಸವಿಲ್ಲ ಎಂಬುದು ಒಬ್ಬ ಗುರುಗಳಿಗೆ ಇಷ್ಟು ಆನಂದ ಕೊಡಬಹುದು ಎಂದು ನನಗೆ ಗೊತ್ತಾದದ್ದು ಅವತ್ತೇ.

ಸವಿತಾ ನಿಪ್ಪಾಣಿಯವಳು. ಮನೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ವಿಷಯ ಹುಡುಕಲು ದಿನಗಟ್ಟಲೆ ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳು ಒಂದು ಸಂಜೆ ಝೆರಾಕ್ಸ್ ಅಂಗಡಿಗೆ ಹೋಗಿ ಬಂದು, “ನಂದು ಮುಗೀತು” ಎಂದಳು. ಅಂಗಡಿಯವನ ಕಂಪ್ಯೂಟರಿನಲ್ಲಿ ಮುಗಿದ ಸಂಶೋಧನೆಗಳು ಸಾಲಾಗಿ ಇರುತ್ತವೆ. ಹೆಸರು, ಊರು ಬದಲಿಸಿದರೆ ಆಯಿತು.

“ಕಶಾಲಾ ಬೇ, ಯಾಕ ಇಷ್ಟ ತ್ರಾಸ ಮಾಡ್ಕೋತಿ?” ಎಂದು ನನ್ನನ್ನೇ ಬೈದಳು. “ಸಮಸ್ಯಾನೂ ರೆಡಿ, ಪರಿಹಾರನೂ ರೆಡಿ. ಹುಡುಗೋರ್ನ ಯಾಕ ಕಾಡಬೇಕ?”

ಅವಳು ಆರಿಸಿಕೊಂಡ ವರದಿ ಕೊಡಗಿನ ಕಡೆಯದು. ಕಾಫಿ ಕೊಯ್ಲಿನ ಕಾಲದಲ್ಲಿ ಮಕ್ಕಳು ಶಾಲೆ ತಪ್ಪಿಸುವುದು ಅದರ ವಿಷಯ. ನಿಪ್ಪಾಣಿಯಲ್ಲಿ ಕಾಫಿ ಎಲ್ಲಿಂದ ಬರಬೇಕು? ಸವಿತಾ ಜಾಣೆ, ‘ಕಾಫಿ’ ಎಂದಿದ್ದ ಕಡೆಯೆಲ್ಲ ‘ತಂಬಾಕು’ ಎಂದು ಒಂದೇ ಏಟಿಗೆ ಬದಲಿಸಿದಳು. ಎಲ್ಲ ಸರಿಹೋಯಿತು. ಆದರೆ ಕೊನೆಯ ಅಧ್ಯಾಯದಲ್ಲಿ ಪಾಲಕರ ಸಭೆಯ ವರ್ಣನೆ ಇತ್ತು. ಅಲ್ಲಿ ‘ಸಭೆಗೆ ಬಂದ ತಾಯಂದಿರಿಗೆಲ್ಲ ಬಿಸ್ಕೀಟು ಹಾಗೂ ಬಿಸಿ ಬಿಸಿ ತಂಬಾಕು ನೀಡಲಾಯಿತು’ ಎಂದು ಅಚ್ಚಾಗಿ ಬಂದಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಇದೇ ನಗು ಇನ್ನೊಂದು ತಿಂಗಳಲ್ಲಿ ನನ್ನ ಕಡೆಗೇ ತಿರುಗಿ ಬರುತ್ತದೆಂದು ಗೊತ್ತಿದ್ದರೆ ಅಷ್ಟು ನಗುತ್ತಿರಲಿಲ್ಲ.

ನನ್ನನ್ನು ಪಾಠ ಕಲಿಸಲು ಹಾಕಿದ್ದು ರಾಯಬಾಗದ ಕಡೆಯ ಒಂದು ಹಳ್ಳಿಯ ಶಾಲೆಗೆ. ಏಳನೇ ತರಗತಿ, ಕನ್ನಡ. ಮೊದಲ ವಾರ ಮಕ್ಕಳಿಗೆ ‘ನನ್ನ ಊರು’ ಎಂಬ ಪ್ರಬಂಧ ಬರೆಯಲು ಹೇಳಿದೆ. ಮೊದಲ ಹಾಳೆಯಲ್ಲಿ ಹೀಗಿತ್ತು: ‘ನಮ್ಮೂರಾಗ ಹನಮಪ್ಪನ ಗುಡಿ ಐತಿ. ಗುಡಿ ಮುಂದ ಬೇವಿನ ಗಿಡ ಐತಿ. ಗಿಡದ ಕೆಳಗ ಕಟ್ಟಿ ಐತಿ. ಕಟ್ಟಿ ಒಡದೈತಿ.’ ಓದುತ್ತ ನನಗೆ ಮೈಯೆಲ್ಲ ಪುಳಕವಾಯಿತು. ಸಮಸ್ಯೆ ಸಿಕ್ಕಿತ್ತು, ಅದೂ ಎಣಿಸಲು ಬರುವಂಥದ್ದು. ಮಾತಾಡುವಾಗ ನಾವೆಲ್ಲ ‘ಐತಿ’ ಎನ್ನುವವರೇ. ಬರೆಯುವಾಗ ಮಾತ್ರ ‘ಇದೆ’ ಎನ್ನಬೇಕು, ಪರೀಕ್ಷೆಯಲ್ಲಿ ‘ಐತಿ’ಗೆ ಅಂಕವಿಲ್ಲ. ಅಂದು ಸಂಜೆ ಕೆಂಪು ಪೆನ್ನು ಹಿಡಿದು ಒಂದೊಂದು ‘ಐತಿ’ಗೂ ಸುತ್ತು ಹಾಕಿ ಡೈರಿಯಲ್ಲಿ ಗೀಟು ಎಳೆಯುತ್ತ ಹೋದೆ. ಪುಟ ಬೇಲಿ ಹಾಕಿದ ಹೊಲದ ಹಾಗೆ ಕಾಣತೊಡಗಿತು. ಮಗದುಮ್ ಸರ್ ನೋಡಿ, “ಭಾಳ ಚಲೋ ಸಮಸ್ಯಾ ಹುಡುಕೀರಿ. ಇದು ಇಳಿಯೂ ಸಮಸ್ಯಾ ಐತಿ” ಎಂದರು. ಸಮಸ್ಯೆಗಳಲ್ಲಿ ಇಳಿಯುವಂಥವು, ಇಳಿಯದಂಥವು ಎಂದು ಎರಡು ಬಗೆ, ಸಂಶೋಧಕರು ಮೊದಲನೆಯದನ್ನೇ ಆರಿಸಬೇಕು ಎಂಬ ಗುಟ್ಟನ್ನೂ ಹೇಳಿಕೊಟ್ಟರು.

ಉಪಾಯ ಸುಲಭವಿತ್ತು. ಹಲಗೆಯ ಮೇಲೆ ಬರೆದೆ: ಆಗೈತಿ, ಆಗಿದೆ. ಬಂದೈತಿ, ಬಂದಿದೆ. ಒಡದೈತಿ, ಒಡೆದಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಸೂತ್ರ: ‘ಕೊನೆಗೆ ಐತಿ ಎಂದು ಕೇಳಿಸಿದರೆ ಅದನ್ನು ತೆಗೆದು ಇದೆ ಎಂದು ಹಾಕಬೇಕು.’ ಮಕ್ಕಳು ದಿನಾ ಅದನ್ನು ಒಕ್ಕೊರಲಿನಿಂದ ಕೂಗಿದರು. ಜೊತೆಗೆ ಒಂದು ‘ಐತಿ ಡಬ್ಬಿ’ ಇಟ್ಟೆ. ತರಗತಿಯಲ್ಲಿ ಯಾರ ಬಾಯಿಂದಾದರೂ ‘ಐತಿ’ ಬಂದರೆ ಅವರೇ ಎದ್ದು ಬಂದು ಅದಕ್ಕೆ ಒಂದು ಹುಣಸೆ ಬೀಜ ಹಾಕಬೇಕು. ನಾಚಿಕೆಯಿಂದ ಮಾತು ತಿದ್ದಿಕೊಳ್ಳುತ್ತಾರೆ ಎಂದು ನನ್ನ ಊಹೆ, ಅಂದರೆ ಪ್ರಾಕಲ್ಪನೆ. ಮಕ್ಕಳಿಗೆ ಡಬ್ಬಿಯಲ್ಲಿ ಬೀಜ ಬೀಳುವ ಟಣ್ ಎಂಬ ಸದ್ದು ಭಾಳ ಹಿಡಿಸಿತು. ಮೊದಲ ಬೆಂಚಿನವರು, ಕೊನೆ ಬೆಂಚಿನವರು ಎಂದು ಪೈಪೋಟಿ ಹಚ್ಚಿಕೊಂಡು ಡಬ್ಬಿ ತುಂಬತೊಡಗಿದರು. “ಟೀಚರ್, ಹೊರಗ ಎಮ್ಮಿ ಐತ್ರಿ”, “ಟೀಚರ್, ಎಮ್ಮಿಗೆ ಬಾಲ ಐತ್ರಿ”. ಎರಡನೇ ವಾರ ಬೀಜ ಸಾಲದೆ ನಾನು ಮನೆಯಿಂದ ಇನ್ನಷ್ಟು ತರಬೇಕಾಯಿತು.

ಬೀಜ ಕೊಡುತ್ತಿದ್ದವಳು ಆಯಿ. ಅಪ್ಪನ ತಾಯಿಯನ್ನು ನಮ್ಮ ಮನೆಯಲ್ಲಿ ಹಾಗೇ ಕರೆಯುವುದು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಜೈನರ ಮನೆ ನಮ್ಮದು. ಕಬ್ಬಿನ ಟ್ರ್ಯಾಕ್ಟರುಗಳಿಂದ ಬಸ್ಸು ತಡವಾಗಿ ನಾನು ಊಟ ತಪ್ಪಿಸಿಕೊಂಡಾಗಲೆಲ್ಲ ಆಯಿಯ ಸಿಟ್ಟು ನನ್ನ ಸಂಶೋಧನೆಯ ಮೇಲೆ ತಿರುಗುತ್ತಿತ್ತು. “ಹುಣಸಿ ಬೀಜ ಒಯ್ದು ಹುಡುಗೋರಿಗೆ ಏನ ಕಲಸ್ತಿ ಬೇ? ಅವ್ವ ಅಪ್ಪ ಆಡೂ ಮಾತ ತಪ್ಪಂತ ಕಲಸ್ತೀಯೇನ?” ಎನ್ನುತ್ತಿದ್ದಳು. ತಪ್ಪಲ್ಲ, ಬರೆಯುವುದೇ ಬೇರೆ, ಆಡುವುದೇ ಬೇರೆ ಎಂದು ನಾನು ವಿವರಿಸಿದರೆ, “ಹಂಗಾರ ಬರದದ್ದ ಯಾರೂ ಆಡೂದಿಲ್ಲ, ಆಡಿದ್ದ ಯಾರೂ ಬರ್ಯೂದಿಲ್ಲ. ಚಲೋ ಸಾಲಿ” ಎಂದು ಅಕ್ಕಿ ಆರಿಸಲು ಕೂತುಬಿಡುತ್ತಿದ್ದಳು.

ನಡುವೆ ಒಂದು ದಿನ ‘ನನ್ನ ಶಾಲೆ’ ಎಂಬ ಪ್ರಬಂಧ ಬರೆಸಿದೆ, ಉಪಾಯ ಎಷ್ಟು ಹತ್ತಿದೆ ನೋಡಲು. ಭಾಗ್ಯಶ್ರೀ ಎಂಬ ಹುಡುಗಿ ತರಗತಿಗೇ ಮುಂದಿನವಳು. ಅವಳು ಬರೆದದ್ದು ಹೀಗಿತ್ತು: ‘ನಮ್ಮ ಶಾಲೆಯಲ್ಲಿ ಗ್ರಂಥಾಲಯ ಇದೆ. ಕಂಪ್ಯೂಟರ್ ಕೊಠಡಿ ಇದೆ. ಆಟದ ಸಾಮಾನು ಇದೆ. ನೀರಿನ ಟಾಕಿ ಐತಿ. ಟಾಕಿಗೆ ನಳ ಐತಿ.’ ಅರ್ಧ ಸರಿ, ಅರ್ಧ ತಪ್ಪು. ನನ್ನ ಗೀಟುಗಳಲ್ಲಿ ಇಂಥ ಹುಡುಗಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಅವಳನ್ನು ಮೇಜಿನ ಹತ್ತಿರ ಕರೆದೆ.

“ಗ್ರಂಥಾಲಯಕ್ಕ ‘ಇದೆ’ ಅಂತ ಬರೋಬರಿ ಬರದಿ. ಟಾಕಿಗೆ ಯಾಕ ‘ಐತಿ’ ಅಂತ ಬರದಿ?”

“ಟಾಕಿ ಐತ್ರೆಲ್ಲ ಟೀಚರ್” ಎಂದಳು. ನಾನು ಕೇಳಿದ್ದೇ ಅವಳಿಗೆ ವಿಚಿತ್ರವಾಗಿ ಕಂಡಂತಿತ್ತು.

“ಮತ್ತ ಗ್ರಂಥಾಲಯ?”

“ಅದು ಇದೆ ರಿ.”

“ಎಲ್ಲಿ ಐತಿ?”

“ಎಲ್ಲೂ ಇಲ್ರಿ. ಬರ್ಯಾಕ ಅಷ್ಟ ಇದೆ ರಿ.”

ಹಿಂದಿನಿಂದ ಒಬ್ಬ, “ಟೀಚರ್ ಐತಿ ಅಂದ್ರು” ಎಂದು ಡಬ್ಬಿ ತಂದು ನನ್ನ ಮುಂದೆ ಹಿಡಿದ. ನಾನು ಬೀಜ ಹಾಕಿದೆ. ಟಣ್ ಎಂದಿತು. ಆ ಸದ್ದಿನ ಜೊತೆಗೇ ನನ್ನ ತಲೆಯೊಳಗೂ ಏನೋ ಬಿತ್ತು. ಉಳಿದ ಪ್ರಬಂಧಗಳನ್ನು ತೆಗೆದು ನೋಡಿದೆ. ಭಾಗ್ಯಶ್ರೀ ಒಬ್ಬಳೇ ಅಲ್ಲ, ಅರ್ಧ ತರಗತಿ ಹಾಗೇ ಬರೆದಿತ್ತು. ಪುಸ್ತಕದಲ್ಲಿ, ಗೋಡೆಯ ಮೇಲೆ, ಸಾಹೇಬರು ಬಂದಾಗ ಹೇಳುವ ಮಾತಿನಲ್ಲಿ ಇರುವಂಥದ್ದು ‘ಇದೆ’. ಕೈಗೆ ಸಿಗುವಂಥದ್ದು, ಎಡವಿದರೆ ಕಾಲಿಗೆ ತಾಗುವಂಥದ್ದು ‘ಐತಿ’. ನಾನು ಕಲಿಸದ ಒಂದು ವ್ಯಾಕರಣವನ್ನು ಅವರು ತಾವೇ ಕಟ್ಟಿಕೊಂಡಿದ್ದರು, ಅದರಲ್ಲಿ ಒಂದೂ ತಪ್ಪಿರಲಿಲ್ಲ. ಮನೆಗೆ ಬಂದು ಆಯಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಮತ್ತ? ನಿಮ್ಮ ಬಸ್ಸು ಐದಕ್ಕ ಬರುತ್ತದೆ ಅಂತ ಸ್ಟ್ಯಾಂಡಿನ್ಯಾಗ ಬೋರ್ಡ್ ಹಚ್ಯಾರ. ಅದು ಬರೂದು ಯಾವಾಗ? ನಿಂತ ಮಂದಿ ‘ಬರತೈತಿ’ ಅಂದಾಗ” ಎಂದಳು. ಈ ಮಾತು ನೆನಪಿರಲಿ, ಕೊನೆಗೆ ನನ್ನ ಮೇಲೇ ಬರುತ್ತದೆ.

ನಾನು ಓಡಿ ಹೋಗಿ ಮಗದುಮ್ ಸರ್ ಮುಂದೆ ಇದನ್ನಿಟ್ಟೆ. ಅವರು ನನ್ನ ಪ್ರಾಕಲ್ಪನೆಗಳ ಪಟ್ಟಿಯ ಮೇಲೆ ಎರಡು ಸಲ ಬೆರಳು ಓಡಾಡಿಸಿ, “ಇದು ಇದರೊಳಗ ಇಲ್ಲ” ಎಂದರು. “ಕಾರಣ ಮೂರ ಬರದೀರಿ: ಮನಿ ಭಾಷಾ, ಅಭ್ಯಾಸದ ಕೊರತಿ, ಮರಾಠಿ ಪ್ರಭಾವ. ಈಗ ಹುಡುಗಿ ನಾಲ್ಕನೇದು ಹೇಳ್ಯಾಳಂತ ಬರದ್ರ ಮೊದಲಿಂದ ಎಲ್ಲಾ ಬದ್ಲಿ ಮಾಡಬೇಕಾಗತೈತಿ. ಸಂಶೋಧನಾ ಮುಗಿಸೂದು ನೋಡ್ರಿ. ಶೋಧ ಆಮ್ಯಾಲ ಮಾಡೂಣಂತ.”

ಕೊನೆಯ ಪರೀಕ್ಷೆಯ ದಿನ ಬಂತು. ಮೊದಲಿನದೇ ವಿಷಯ, ‘ನನ್ನ ಊರು’. ಅಂದು ಮಕ್ಕಳು ನಾಲಿಗೆ ಹೊರಗೆ ಚಾಚಿ ಬರೆದರು. ನಾನು ಕೆಂಪು ಪೆನ್ನು ಹಿಡಿದು ಕೂತೆ. ಮೊದಲ ಹಾಳೆಯಲ್ಲಿ ‘ಐತಿ’ ಇಲ್ಲ. ಎರಡನೆಯದರಲ್ಲಿ ಇಲ್ಲ. ಕಟ್ಟು ಮುಗಿದರೂ ಒಂದೇ ಒಂದು ‘ಐತಿ’ ಇಲ್ಲ. ಡೈರಿಯ ಪುಟ ಬೋಳಾಗಿ ಉಳಿಯಿತು. ಗೀಟು ಎಳೆಯದೆಯೂ ಅಷ್ಟು ಸಂತೋಷವಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಸೊನ್ನೆ. ಕಪಾಟಿನಲ್ಲಿದ್ದ ಯಾವ ವರದಿಯಲ್ಲೂ ಸಮಸ್ಯೆ ಸೊನ್ನೆಗೆ ಇಳಿದದ್ದಿಲ್ಲ. ಆ ಹುಮ್ಮಸ್ಸಿನಲ್ಲಿ, ಎಣಿಸಿದ್ದಾಯಿತು, ಇನ್ನು ಓದಿಯೂ ನೋಡೋಣ ಎಂದುಕೊಂಡೆ. ಎಣಿಸುವುದಕ್ಕೂ ಓದುವುದಕ್ಕೂ ವ್ಯತ್ಯಾಸವಿದೆ ಎಂದು ನನಗೆ ಬಿ.ಎಡ್.ನಲ್ಲಿ ಯಾರೂ ಹೇಳಿರಲಿಲ್ಲ.

‘ನಮ್ಮ ಊರಿನಲ್ಲಿ ಹನುಮಪ್ಪನ ಗುಡಿ ಇದೆ. ಗುಡಿಯ ಮುಂದೆ ಗ್ರಾಮ ಪಂಚಿದೆ ಇದೆ.’

ಮತ್ತೆ ಓದಿದೆ. ಗ್ರಾಮ ಪಂಚಿದೆ. ಇನ್ನೊಂದು ಹಾಳೆ ತೆಗೆದೆ. ‘ನಮ್ಮ ಕಾಕಾ ಪಂಚಿದೆಯಲ್ಲಿ ಸಿಪಾಯಿ.’ ಮತ್ತೊಂದು. ‘ಪಂಚಿದೆಗೆ ಹೊಸ ಬಣ್ಣ ಹಚ್ಚಿದ್ದಾರೆ.’ ಮಾತಿನಲ್ಲಿ ನಾವು ಪಂಚಾಯಿತಿಯನ್ನು ‘ಪಂಚೈತಿ’ ಎನ್ನುತ್ತೇವೆ. ಆಗೈತಿ, ಆಗಿದೆ. ಬಂದೈತಿ, ಬಂದಿದೆ. ಪಂಚೈತಿ, ಪಂಚಿದೆ. ಕೊನೆಗೆ ಐತಿ ಎಂದು ಕೇಳಿಸಿದರೆ ತೆಗೆದು ಇದೆ ಎಂದು ಹಾಕಬೇಕು. ಸೂತ್ರ ನನ್ನದೇ, ಅಕ್ಷರವೂ ನನ್ನದೇ, ಇನ್ನೂ ಹಲಗೆಯ ಮೂಲೆಯಲ್ಲಿ ದಪ್ಪಗೆ ಇತ್ತು. ಬಿಸಿ ಬಿಸಿ ತಂಬಾಕು ನೆನಪಾಯಿತು. ಸವಿತಾ ಕಂಪ್ಯೂಟರಿಗೆ ಮಾಡಿದ್ದನ್ನು ನಾನು ಏಳನೇ ತರಗತಿಗೆ ಮಾಡಿದ್ದೆ.

ಅದು ಹಾಳೆಯ ಮೇಲೇ ಉಳಿದಿದ್ದರೆ ನುಂಗಿಕೊಳ್ಳಬಹುದಿತ್ತು. ನಮ್ಮ ಕಡೆ ಪಂಚೈತಿ ಎಂದರೆ ಕಚೇರಿಯಷ್ಟೇ ಅಲ್ಲ, ಬೇಡದ ಉಸಾಬರಿಗೂ ಅದೇ ಮಾತು. ವಾರದೊಳಗೆ ಹುಡುಗರು ಗೋಲಿ ಆಡುವಾಗ, “ಏ, ನಿನ್ನ ಪಂಚಿದೆ ಇಲ್ಲಿ ಬ್ಯಾಡಲೇ” ಎಂದು ಜಗಳಾಡತೊಡಗಿದರು. ಹೆಡ್ ಮಾಸ್ತರು ನನ್ನನ್ನು ಕೋಣೆಗೆ ಕರೆದರು. ಅವರು ಮೆತ್ತಗಿನ ಮನುಷ್ಯ, ಬೈಯುವಾಗಲೂ ಬಿಸ್ಕೀಟಿನ ಪುಡಿಕೆ ಮುಂದೆ ಸರಿಸುವವರು.

“ಪಂಚೈತಿ ಅಧ್ಯಕ್ಷರ ಮಗ ಮನ್ಯಾಗ ಬಂದ ಬೀಗರ ಮುಂದ ‘ಅಪ್ಪಾ ಪಂಚಿದೆಗೆ ಹೋಗ್ಯಾರ’ ಅಂದಾನಂತ” ಎಂದರು. “ಅಧ್ಯಕ್ಷರು ನನ್ನ ಕೇಳಾಕತ್ತಾರ, ಇದೇನ್ರಿ ಮಾಸ್ತರ, ಸರಕಾರ ಹೆಸರ ಬದ್ಲಿ ಮಾಡೇತೇನ ಅಂತ. ನಾ ಏನ ಹೇಳ್ಲಿ?”

“ನಾ ತಿದ್ದತೀನ್ರಿ ಸರ್” ಎಂದೆ.

“ತಿದ್ದರಿ. ಖರೆ ನೀವು ತಿದ್ದಿದ್ದಕ್ಕ ಹಿಂಗಾಗೇತಿ. ಸ್ವಲ್ಪ ನೋಡಕೊಂಡು ತಿದ್ದರಿ.”

ನನಗೆ ನಿಜವಾದ ಸಂಕಟ ಶುರುವಾದದ್ದು ಆಮೇಲೆ. ವರದಿಯಲ್ಲಿ ಏನು ಬರೆಯಬೇಕು? ‘ಐತಿ’ ಸೊನ್ನೆಗೆ ಇಳಿದಿದೆ ಎಂಬುದು ಅಕ್ಷರಶಃ ನಿಜ. ಪಂಚಿದೆ ಎಂಬ ಹೊಸ ಸಮಸ್ಯೆ ಹುಟ್ಟಿದೆ ಎಂಬುದೂ ನಿಜ. ಮೊದಲನೆಯದನ್ನು ಮಾತ್ರ ಬರೆದರೆ ಸಹಿ ಖಾತ್ರಿ. ಎರಡನೆಯದನ್ನೂ ಬರೆದರೆ ವರ್ಷ ಹೋಗಬಹುದು. ಕಂಡದ್ದನ್ನು ಬಿಟ್ಟು ಗೀಟು ಎಳೆದ ಅಭ್ಯಾಸ ನನಗಿರಲಿಲ್ಲ. ಟ್ರ್ಯಾಕ್ಟರುಗಳ ವಿಷಯದಲ್ಲೂ, ಹಿಂದೆ ಒಂದು ಟ್ರೇಲರ್ ಇದ್ದರೆ ಒಂದು ಗೀಟು, ಎರಡಿದ್ದರೆ ಎರಡು ಎಂದು ಹಾಕುವವಳು ನಾನು. ಪಂಚಿದೆಯ ಮೇಲೆ ಒಂದು ಪುಟ, ಭಾಗ್ಯಶ್ರೀಯ ‘ಬರ್ಯಾಕ ಅಷ್ಟ ಇದೆ’ ಎಂಬುದರ ಮೇಲೆ ಒಂದು ಪುಟ ಬರೆದು, ಎದೆ ಗಟ್ಟಿ ಮಾಡಿಕೊಂಡು ಮಗದುಮ್ ಸರ್ ಹತ್ತಿರ ಹೋದೆ.

“ಐತಿ ಎಷ್ಟ ಉಳದಾವ?” ಎಂದು ಕೇಳಿದರು.

“ಒಂದೂ ಇಲ್ರಿ ಸರ್.”

“ಮತ್ತೇನ ಬೇಕ್ರಿ?”

“ಈ ಎರಡ ಪುಟ ಇರಲಿ ಅಂತರಿ.”

ಸರ್ ಓದಿದರು. ತಡೆದ ನಗುವಿಗೆ ಹೊಟ್ಟೆ ಅಲುಗಿದ್ದು ನನಗೆ ಕಾಣಿಸಿತು, ಆದರೆ ಮುಖ ಮಾರ್ಗದರ್ಶಕರದ್ದಾಗಿಯೇ ಉಳಿಯಿತು. “ಇದನ್ನ ಅಧ್ಯಾಯದಾಗ ಹಾಕಿದ್ರ ನಾ ಸಹಿ ಮಾಡಾಂಗಿಲ್ಲ. ಅನುಬಂಧದಾಗ ಹಾಕ್ರಿ. ಅನುಬಂಧ ಯಾರೂ ಓದೂದಿಲ್ಲ” ಎಂದು ಸಹಿ ಹಾಕಿದರು. ಅನುಬಂಧ ಎಂದರೆ ವರದಿಯ ಹಿಂದಿನ ಅಂಗಳ. ಒಳಗೆ ಇಡಲು ಬಾರದ್ದನ್ನೂ ಹೊರಗೆ ಬಿಸಾಡಲು ಬಾರದ್ದನ್ನೂ ಅಲ್ಲಿ ಇಡುತ್ತಾರೆ.

ಮೌಖಿಕ ಪರೀಕ್ಷೆಗೆ ಬಂದವರು ಅಥಣಿ ಕಡೆಯ ಒಬ್ಬ ಹಿರಿಯರು. ಬಿಳಿ ಮೀಸೆ, ಹೊಸ ಚಪ್ಪಲಿಯ ಕಿರ್ರ್ ಸದ್ದು. ‘ಮನೋವಿಜ್ಞಾನ ಪ್ರಯೋಗಾಲಯ’ ಎಂದು ಬಾಗಿಲ ಮೇಲೆ ಬೋರ್ಡು ಹಾಕಿದ್ದ ಕೋಣೆಯಲ್ಲಿ ಅವರನ್ನು ಕೂರಿಸಿದ್ದರು. ಒಳಗೆ ಕಾಲು ಮುರಿದ ಬೆಂಚುಗಳು, ಹೋದ ವರ್ಷದ ಸ್ನೇಹ ಸಮ್ಮೇಳನದ ಕಮಾನು, ಒಂದು ಗೋಣಿಚೀಲದಲ್ಲಿ ವಾಲಿಬಾಲ್ ನೆಟ್ಟು. ಸವಿತಾ ನನಗಿಂತ ಮುಂಚೆ ಹೋಗಿ ಎರಡೇ ನಿಮಿಷಕ್ಕೆ ನಗುತ್ತ ಬಂದಳು. “ತಂಬಾಕಿನ ಪುಟ ದಾಟಿಬಿಟ್ರು ಬೇ” ಎಂದಳು. ನನಗೆ ಧೈರ್ಯ ಬಂತು. ಒಳಗೆ ಹೋದೆ. ಪಕ್ಕದಲ್ಲಿ ಮಗದುಮ್ ಸರ್ ನಿಂತಿದ್ದರು. ಹಿರಿಯರು ನನ್ನ ವರದಿಯನ್ನು ಕೈಗೆತ್ತಿಕೊಂಡು, ತಿರುಗಿಸಿ, ಹಿಂದಿನಿಂದ ತೆರೆದರು.

“ನಾ ಅನುಬಂಧ ಮೊದ್ಲ ಓದಾಂವ ನೋಡವಾ” ಎಂದರು. “ಮುಂದಿನದೆಲ್ಲಾ ಎಲ್ಲಾರದೂ ಒಂದ ಇರತೈತಿ.”

ಮಗದುಮ್ ಸರ್ ಕೆಮ್ಮಿದರು. ಹಿರಿಯರು ಎರಡೂ ಪುಟ ನಿಧಾನಕ್ಕೆ ಓದಿದರು. ಮೀಸೆ ಒಂದೆರಡು ಸಲ ಅಲುಗಿತು.

“ಹಂಗಾರ, ಕಾಗದದ ಮ್ಯಾಲಿಂದು ಇದೆ, ಖರೇಂದು ಐತಿ. ಹೌದಿಲ್ಲೊ?”

“ಹುಡುಗೋರು ಹಂಗ ಬರದಾರ್ರಿ ಸರ್.”

ಅವರು ವರದಿ ಮುಚ್ಚಿದರು. ಮುರಿದ ಬೆಂಚುಗಳ ಕಡೆಗೊಮ್ಮೆ, ಗೋಣಿಚೀಲದ ಕಡೆಗೊಮ್ಮೆ ನೋಡಿ, ತೆರೆದಿಟ್ಟ ಬಾಗಿಲ ಮೇಲಿನ ಬೋರ್ಡಿಗೆ ಕಣ್ಣು ನಿಲ್ಲಿಸಿ ಕೇಳಿದರು: “ಹಂಗಾರ ಒಂದ ಹೇಳವಾ. ನಿಮ್ಮ ಕಾಲೇಜಿನ್ಯಾಗ ಪ್ರಯೋಗಾಲಯ ಇದೆಯೋ, ಐತೋ?”

ಐತಿ ಎಂದರೆ ಸುಳ್ಳು, ಅದೂ ಆ ಕೋಣೆಯಲ್ಲೇ ಕೂತು. ಇಲ್ಲ ಎಂದರೆ ಮಗದುಮ್ ಸರ್, ಅವರ ಹಿಂದೆ ಪ್ರಾಚಾರ್ಯರು, ಅವರ ಹಿಂದೆ ಇಡೀ ಆಡಳಿತ ಮಂಡಳಿ. ಭಾಗ್ಯಶ್ರೀಯನ್ನು ನೆನೆದುಕೊಂಡೆ.

“ಇದೆ ಸರ್” ಎಂದೆ.

“ಹೌದ್ರಿ ಸರ್, ಇದೆ, ಇದೆ” ಎಂದು ಮಗದುಮ್ ಸರ್ ಉತ್ಸಾಹದಿಂದ ದನಿಗೂಡಿಸಿದರು. ಹಿರಿಯರು ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಅಂಕವನ್ನು ನನಗೆ ಕಾಣದಂತೆ ಬರೆದರು, ಆದರೆ ಪೆನ್ನಿನ ಓಟ ನೋಡಿದರೆ ಎರಡು ಅಂಕಿಯ ಸಂಖ್ಯೆ ಎಂಬುದಂತೂ ಖಾತ್ರಿ.

ಮರುದಿನ ಮಗದುಮ್ ಸರ್ ಮತ್ತೆ ಆತ್ಮವಿಶ್ವಾಸ ಮಾಪನಿಯನ್ನು ಹಂಚಿದರು. ಅದೇ ವಾಕ್ಯಗಳು, ಅದೇ ಐದು ಮನೆ. “ಈಗ ಅಂಜಬ್ಯಾಡ್ರಿ” ಎಂದರು. ಸವಿತಾ ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ ಐದು ಹಾಕಿ, “ಆರರ ಮನಿ ಇದ್ರ ಬರೋಬರಿ ಆಗ್ತಿತ್ರಿ ಸರ್” ಎಂದಳು. ನಾನು ಒಂದೊಂದು ವಾಕ್ಯವನ್ನೂ ಓದುತ್ತ ಕೂತೆ. ಸಮಸ್ಯೆಯನ್ನು ಗುರುತಿಸಬಲ್ಲೆನೇ? ಒಂದನ್ನು ಗುರುತಿಸಿದ್ದೆ, ಅದು ಸಮಸ್ಯೆಯೇ ಆಗಿರಲಿಲ್ಲ. ಪರಿಹಾರ ರೂಪಿಸಬಲ್ಲೆನೇ? ರೂಪಿಸಿದ್ದೆ, ಅದೇ ಸಮಸ್ಯೆಯಾಗಿತ್ತು. ಪೆನ್ನು ಎರಡರ ಮನೆಯ ಮೇಲೇ ಸುಳಿದಾಡುತ್ತಿತ್ತು. ಆಗ ಕೊನೆಯ ವಾಕ್ಯ ಕಣ್ಣಿಗೆ ಬಿತ್ತು: ‘ತರಗತಿ ಸಂಶೋಧನೆ ಕೈಗೊಳ್ಳುವ ಆತ್ಮವಿಶ್ವಾಸ ನನ್ನಲ್ಲಿ ಇದೆ.’ ನನಗೆ ನಿರಾಳವಾಯಿತು. ಸರ್ ‘ಇದೆಯೇ’ ಎಂದು ಕೇಳಿದ್ದರು. ‘ಐತೇನು’ ಎಂದು ಕೇಳಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಐದು ಹಾಕಿ, ಪ್ರಾಮಾಣಿಕಳಾಗಿಯೇ ಉಳಿದು, ಹಾಳೆ ಒಪ್ಪಿಸಿದೆ. ಸರ್ ಅಲ್ಲೇ ಕೂಡಿಸಿ ನೋಡಿ, “ನೋಡ್ರಿ, ಹ್ಯಾಂಗ ಏರೇತಿ” ಎಂದು ಸಂಭ್ರಮಪಟ್ಟರು. ಮುಂದಿನ ಸೋಮವಾರ ಅವರು ಮಂಕಾಗಿರಲಿಲ್ಲ.

ಹಾಳೆ ಒಪ್ಪಿಸಿದ ದಿನ ಕಬ್ಬಿನ ಟ್ರ್ಯಾಕ್ಟರು ಒಂದೂ ಅಡ್ಡ ಬರದೆ, ಹೊತ್ತು ಮುಳುಗುವ ಮುಂಚೆಯೇ ಮನೆ ಸೇರಿದೆ. ಆಯಿ ತಟ್ಟೆಗೆ ರೊಟ್ಟಿ ಹಾಕಿ ಎದುರಿಗೆ ಕೂತಳು.

“ಎಲ್ಲಾ ಮುಗೀತಿಲ್ಲೊ ನಿಂದು?”

“ಮುಗೀತು ಆಯಿ.”

“ಇನ್ನ ನಿನಗ ಸಂಶೋಧನಾ ಮಾಡಾಕ ಬರತೈತೇನ?”

ಎದುರಿಗೆ ಐದು ಮನೆಯ ಹಾಳೆ ಇರಲಿಲ್ಲ, ಆಯಿ ಇದ್ದಳು. ನೀರು ಕುಡಿದು ಹೇಳಿದೆ:

“ಬರುತ್ತದೆ.”

ಆಯಿ ನನ್ನ ಮುಖವನ್ನೊಮ್ಮೆ ನೋಡಿದಳು.

“ಬರೂದಿಲ್ಲ ಅನ್ನು” ಎಂದು ಇನ್ನೊಂದು ರೊಟ್ಟಿ ಹಾಕಿದಳು.